ಕೊಡಲಿಯ ಕಾವು ಮುರಿದ ರಾತ್ರಿ

ಕೊಡಲಿಯ ಕಾವು ಮುರಿದಾಗ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಆಗಷ್ಟೇ ಮರಳತೊಡಗಿತ್ತು. ಸಿದ್ದಾಪುರದ ಕಡೆ ನಮ್ಮ ದೊಡ್ಡಪ್ಪನ ಆಲೆಮನೆ. ಮಾಘದ ಚಳಿ, ಗದ್ದೆಬಯಲಿನಲ್ಲಿ ಸೋಗೆ ಹೊದಿಸಿದ ಚಪ್ಪರ, ಒಂದು ಬದಿಗೆ ಗಾಣ, ಇನ್ನೊಂದು ಬದಿಗೆ ನೆಲದಲ್ಲಿ ತೋಡಿದ ಒಲೆ. ಕೊನೆಯ ಕೊಪ್ಪರಿಗೆ ಇಳಿಯುವಾಗ ಬೆಳಗಾಗುತ್ತದೆ ಎಂಬ ಲೆಕ್ಕದಲ್ಲಿ ಎಲ್ಲರೂ ಕಂಬಳಿ ಹೊದ್ದು ಸುತ್ತ ಕೂತಿದ್ದೆವು. ಸೌದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಸೀಳದ ಕುಂಟೆಗಳಾಗಿಯೇ ಬಿದ್ದಿತ್ತು. ಸೀಳುವುದಕ್ಕೆ ಇದ್ದದ್ದು ಒಂದೇ ಕೊಡಲಿ. ಜಂಬೆಯ ಗಂಟಿನ ಮೇಲೆ ಬಿದ್ದ ಒಂದು ಏಟಿಗೆ ಅದರ ಕಾವು ತಲೆಯ ಬುಡದಲ್ಲೇ ಲಟಕ್ಕನೆ ಮುರಿಯಿತು.

"ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರೆ. ಇವತ್ತು ಕಾವಿಗೇ ಮೃತ್ಯು ಬಂತಲ್ಲೋ" ಎಂದರು ದೊಡ್ಡಪ್ಪ. ನಕ್ಕರೂ ಅವರ ಕಣ್ಣು ಒಲೆಯ ಮೇಲಿತ್ತು.

ಆಲೆಮನೆಯ ಒಲೆಗೆ ಕೆಂಡ ಸಾಲದು, ಉರಿ ಬೇಕು. ಕುಂಟೆಯನ್ನು ಇಡಿಯಾಗಿ ತುರುಕಿದರೆ ಹೊಗೆಯಾಡುತ್ತ ಕೂರುತ್ತದೆ. ಸೀಳಿ ಮಣಿಕಟ್ಟಿನಷ್ಟು ದಪ್ಪ ಮಾಡಿದರೆ ಮಾತ್ರ ಹಾಲು ಒಂದೇ ಸಮ ಮರಳುತ್ತದೆ. ನಮ್ಮ ಕಡೆಯ ಜೋನಿಬೆಲ್ಲವನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುತ್ತಾರೆ, ಅಚ್ಚುಬೆಲ್ಲವಾದರೆ 118ರ ತನಕ ಕಾಯಿಸಬೇಕು. ದೊಡ್ಡಪ್ಪನ ಹತ್ತಿರ ಥರ್ಮಾಮೀಟರ್ ಇರಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ನೊರೆಯ ಬಣ್ಣ ಮತ್ತು ಗುಳ್ಳೆಯ ಗಾತ್ರ ನೋಡಿ ಹೇಳುತ್ತಿದ್ದರು. ಆದರೆ ನಡುವೆ ಉರಿ ತಗ್ಗಿ ಹಾಲು ಹೆಚ್ಚು ಹೊತ್ತು ಕಾದರೆ ಬೆಲ್ಲ ಕಪ್ಪಾಗುತ್ತದೆ. ನಾಳೆಗೆ ಇಡೋಣ ಎಂದರೆ ಹಿಂಡಿದ ಹಾಲು ಹುಳಿ ಹಿಡಿಯುತ್ತದೆ. ಗಾಣದಿಂದ ಬಿದ್ದ ಹಸಿ ಸಿಪ್ಪೆ ಒಣಗುವ ತನಕ ಉರುವಲಿಗೆ ಬಾರದು.

ಪಕ್ಕದ ಮನೆಯಿಂದ ಕೊಡಲಿ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಪಕ್ಕದ ಮನೆ ಎಂದರೆ ಗುಡ್ಡ ದಾಟಿದ ಮೇಲೆ. ಒಬ್ಬನನ್ನು ಟಾರ್ಚು ಕೊಟ್ಟು ಕಳಿಸಿದ್ದೂ ಆಯಿತು. ಅವರ ಕೊಡಲಿ ಬೇರೆಯವರ ಮನೆಗೆ ಹೋಗಿದೆಯಂತೆ ಎಂಬ ಸುದ್ದಿಯೊಂದಿಗೆ ಅವನು ಬರಿಗೈಲಿ ತಿರುಗಿ ಬಂದ. ಅಷ್ಟು ಹೊತ್ತಿಗೆ ಚಪ್ಪರದಲ್ಲಿ ಬೇರೆಯೇ ಕಾರುಬಾರು ಶುರುವಾಗಿತ್ತು. ಕೊಡಲಿಗೆ ಬರವಿದ್ದರೂ ಆ ರಾತ್ರಿ ನಮ್ಮಲ್ಲಿ ಕತ್ತಿಗೆ ಬರವಿರಲಿಲ್ಲ.

ಅದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗ. ಬೆಂಗಳೂರಿನಲ್ಲಿ ಕೆಲಸ, ರಜೆ ಸಿಕ್ಕರೆ ಟೆಂಟು ಹೊತ್ತು ಹೊರಡುವ ಹುಚ್ಚು. ಆ ಸಲ ಊರಿಗೆ ಬರುವಾಗ ಎರಡು ಅಲಗು ತಂದಿದ್ದ. ಒಂದು ಲ್ಯಾಟಿನ್ ಅಮೆರಿಕದ ಮಾದರಿಯ ಮಚೆಟೆ. ಅಲಗು 18 ಇಂಚು ಉದ್ದ, ದಪ್ಪ ಮಾತ್ರ ಎರಡೇ ಮಿಲಿಮೀಟರ್. ತುದಿ ಒತ್ತಿದರೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಇನ್ನೊಂದು ಮಲಯ ದೇಶದ ಮಾದರಿಯ ಪರಂಗ್. ಅಲಗು 12 ಇಂಚಿಗೇ ಮುಗಿಯುತ್ತದೆ, ಆದರೆ ಬೆನ್ನು ಐದು ಮಿಲಿಮೀಟರ್ ದಪ್ಪ, ತೂಕವೆಲ್ಲ ಮುಂದಕ್ಕೆ. ಸೇನೆಯಿಂದ ನಿವೃತ್ತರಾದ ನಮ್ಮ ಭಾವನ ಚೀಲದಲ್ಲಿ ಗೂರ್ಖಾ ಗೆಳೆಯರೊಬ್ಬರು ಕೊಟ್ಟ ಖುಕುರಿ ಯಾವಾಗಲೂ ಇರುತ್ತದೆ. ಇನ್ನು ಕೊನೆಗೌಡರು. ಅಡಿಕೆ ಮರ ಹತ್ತಿ ಕೊನೆ ಇಳಿಸುವವರು, ಮಳೆಗಾಲದಲ್ಲಿ ಮದ್ದು ಹೊಡೆಯುವವರು. ಅವರ ಸೊಂಟದ ಹಗ್ಗಕ್ಕೆ ಸಿಕ್ಕಿಸಿದ ಮರದ ಕೊಕ್ಕೆಯಲ್ಲಿ ನಮ್ಮ ಕಡೆಯ ಬಾಗುಮೊನೆಯ ಕತ್ತಿ. ಮಸೆದು ಮಸೆದು ಅದರ ಅಲಗು ಹುಟ್ಟಿದಾಗಿನ ಅಗಲವನ್ನು ಎಂದೋ ಕಳೆದುಕೊಂಡಿತ್ತು.

ನಿಜ ಹೇಳಬೇಕೆಂದರೆ ಸ್ಪರ್ಧೆ ಹಗಲೇ ಶುರುವಾಗಿತ್ತು. ಈ ನನ್ನ ತಮ್ಮ, ಮನೆಯ ಹಿಂದೆ ಕೊನೆ ಕೊಯ್ದ ಬಾಳೆಗಿಡಗಳನ್ನು ಒಂದೊಂದೇ ಏಟಿಗೆ ಉರುಳಿಸಿ, ನಮ್ಮನ್ನೆಲ್ಲ ಕರೆದು ತೋರಿಸಿದ್ದ. ಬಾಳೆದಿಂಡು ಎಂದರೆ ನೀರು ಮತ್ತು ನಾರು. ಅದರ ಮೇಲೆ ಯಾವ ಅಲಗೂ ಶೂರನೇ. ಕೊಡಗಿನ ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆದಿಂಡು ಕಡಿಯುವ ಪದ್ಧತಿ ಇದೆ. ಅಲ್ಲಿ ಅದು ಗೌರವ, ಕತ್ತಿಯ ಪರೀಕ್ಷೆಯಲ್ಲ. ಬೆನ್ನ ಹಿಂದೆ ಹಿತ್ತಾಳೆಯ ತೋಡಂಗ್‌ನಲ್ಲಿ ಸಿಕ್ಕಿಸುವ ಆ ಅಗಲ ಅಲಗಿನ ಒಡಿಕತ್ತಿ ಯುದ್ಧಕ್ಕೆಂದೇ ರೂಪುಗೊಂಡದ್ದು. ಈಗ ಕೈಲ್‌ಪೊಳ್ದ್‌ನಲ್ಲಿ ಕೋವಿಯ ಜೊತೆ ಪೂಜೆಗೆ ಕೂರುತ್ತದೆ. ಅದನ್ನು ಸೌದೆಗೆ ತಾ ಎಂದು ಕೊಡವ ಸ್ನೇಹಿತನನ್ನು ಕೇಳುವ ಧೈರ್ಯ ನನಗಂತೂ ಇಲ್ಲ.

ಬಾಳೆ ಮುಗಿದ ಮೇಲೆ ದೊಡ್ಡಪ್ಪ ಅವನನ್ನು ಗದ್ದೆಗೆ ಕರೆದುಕೊಂಡು ಹೋದರು. "ಕಬ್ಬು ಕಡಿದು ತೋರಿಸು ನೋಡ್ವ."

ಅಲ್ಲಿ ನಮಗೆಲ್ಲ ಒಂದು ಅಚ್ಚರಿ ಕಾದಿತ್ತು. ಪೊಟ್ಟಣದಿಂದ ತೆಗೆದಾಗ ಮಚೆಟೆಗೆ ಬಾಯಿಯೇ ಇರಲಿಲ್ಲವಂತೆ. ಇಂಥವು ಕಾರ್ಖಾನೆಯಿಂದ ಅರೆಬರೆ ಮಸೆದೇ ಬರುತ್ತವೆ. ಬಳಸುವವನು ತನ್ನ ಕೆಲಸಕ್ಕೆ ತಕ್ಕಂತೆ ಅರ ಹಾಕಿಕೊಳ್ಳಲಿ ಎಂಬುದು ಅಲ್ಲಿನ ವಾಡಿಕೆ. ಹಿಂದಿನ ಸಂಜೆ ಕೊನೆಗೌಡರು ಅದನ್ನು ನೋಡಿ, ಅರ ತಂದು ಅಲಗಿನ ಎರಡೂ ಮಗ್ಗುಲು ಉಜ್ಜಿ ಸರಿ ಮಾಡಿದ್ದರು. ಉಕ್ಕು ಮೆದು, ಅರ ಚೆನ್ನಾಗಿ ಹತ್ತಿತು. ಆ ಬಾಯಿ ಕಬ್ಬಿಗೆ ತಾಗಿದ್ದೇ ತಡ, ಜಲ್ಲೆ ನೆಲದ ಮಟ್ಟಕ್ಕೆ ಸುಯ್ಯೆಂದು ಬಂತು. ಕಬ್ಬನ್ನು ಎಷ್ಟು ತಳಕ್ಕೆ ಕಡಿದರೆ ಅಷ್ಟು ಲಾಭ, ಸಿಹಿ ಇರುವುದು ಬುಡದಲ್ಲಿ. ಕೂಳೆಯೂ ಚೆನ್ನಾಗಿ ಚಿಗುರುತ್ತದೆ. ಗಿಡ್ಡ ಕತ್ತಿ ಹಿಡಿದವನು ಅದಕ್ಕಾಗಿ ಸೊಂಟ ಬಗ್ಗಿಸಿಯೇ ಇರಬೇಕು. ಉದ್ದ ಅಲಗಿನವನು ಅರ್ಧ ಬಗ್ಗಿದರೆ ಸಾಕು. ಹುಲ್ಲಿನ ಜಾತಿಗೆಲ್ಲ ಇನ್ನೊಂದು ಗುಣವುಂಟು: ಹಿಂದೆ ಆಸರೆ ಇಲ್ಲದ ಕಾರಣ ನಿಧಾನದ ಏಟಿಗೆ ಅದು ಬಾಗಿ ತಪ್ಪಿಸಿಕೊಳ್ಳುತ್ತದೆ. ಬಾಗುವ ಮೊದಲೇ ಕಡಿಯಬೇಕಾದರೆ ತುದಿಗೆ ವೇಗ ಬೇಕು. ಉದ್ದ, ತೆಳು, ಹಗುರ ಅಲಗು ಕೊಡುವುದು ಅದನ್ನೇ.

"ಇದು ಕಬ್ಬಿಗೇ ಹುಟ್ಟಿದ್ದು ಬಿಡಿ" ಎಂದರು ಕೊನೆಗೌಡರು. ಅವರ ಬಾಯಿಂದ ಹೊಗಳಿಕೆ ಸುಲಭಕ್ಕೆ ಬರುವುದಿಲ್ಲ.

ಅವರ ಮಾತು ಇತಿಹಾಸಕ್ಕೂ ಸರಿ. ಕೆರಿಬಿಯನ್ ದ್ವೀಪಗಳ, ಬ್ರೆಜಿಲ್‌ನ ಕಬ್ಬಿನ ಬಯಲುಗಳಲ್ಲಿ ಅದು ಬೆಳೆಯಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1826ರಲ್ಲಿ ಕೊಡಲಿ ಮಾಡಲು ಶುರುವಾದ ಕಾಲಿನ್ಸ್ ಕಂಪನಿ ಮುಂದೆ ಲ್ಯಾಟಿನ್ ಅಮೆರಿಕಕ್ಕೆಲ್ಲ ಮಚೆಟೆ ಕಳಿಸಿ ಹೆಸರು ಮಾಡಿ, 1966ರಲ್ಲಿ ಮುಚ್ಚಿತು. ಕ್ಯೂಬಾದವರು 1868ರಲ್ಲಿ ಸ್ಪೇನಿನ ವಿರುದ್ಧ ಎದ್ದಾಗ, ಬಂದೂಕು ಸಾಲದೆ ಕೈಗೆತ್ತಿಕೊಂಡದ್ದು ಕಬ್ಬು ಕಡಿಯುವ ಇದನ್ನೇ. ಈ ಕಥೆ ಹೇಳಿದ್ದು ಭಾವ, ಕಬ್ಬಿನ ಹಾಲಿಗೆ ಮಂಡಕ್ಕಿ ಮಿರ್ಚಿ ನಂಚಿಕೊಳ್ಳುತ್ತ. ತಮ್ಮನ ಎದೆ ಎರಡಿಂಚು ಉಬ್ಬಿತು.

ಹೀಗಾಗಿ ರಾತ್ರಿ ಕಾವು ಮುರಿದಾಗ ಮೊದಲು ಎದ್ದವನೂ ಅವನೇ.

ಮತ್ತಿಯ ಒಣ ಕೊಂಬೆಯೊಂದನ್ನು ದಿಮ್ಮಿಗೆ ಆನಿಸಿ, ಮಚೆಟೆ ಎತ್ತಿ ಹೊಡೆದ. ಅಲಗು ಒಳಗಿಳಿಯಿತು, ಅಲ್ಲೇ ಕಚ್ಚಿಕೊಂಡಿತು. ಅಲುಗಾಡಿಸಿ ಕಿತ್ತು ಮತ್ತೆ ಹೊಡೆದ, ಮತ್ತೆ ಕಚ್ಚಿಕೊಂಡಿತು. ತೆಳು ಅಲಗು ಗಾಯ ಮಾಡುತ್ತದೆ, ಆದರೆ ಮರವನ್ನು ಎರಡು ಬದಿಗೆ ತಳ್ಳುವ ಮೈ ಅದಕ್ಕಿಲ್ಲ. ಏಟಿನ ಬಲದಲ್ಲಿ ಒಂದು ಪಾಲು ಅಲಗಿನ ನಡುಕಕ್ಕೇ ಹೋಗುತ್ತದೆ, ಆ ನಡುಕ ಬಂದು ಸೇರುವುದು ಅಂಗೈಗೆ. ಅವನ ಕೈಯೋ ಕಬ್ಬಿನ ಹಾಲಿನಿಂದ ಅಂಟಂಟು. ಅದನ್ನು ತೊಳೆದು ಬಂದ, ಒರೆಸಿಕೊಳ್ಳಲಿಲ್ಲ. ಮುಂದಿನ ಏಟಿಗೆ ನುಣ್ಣನೆಯ ಪ್ಲಾಸ್ಟಿಕ್ ಹಿಡಿ ಕೈಯಿಂದ ಜಾರಿ, ಮಚೆಟೆ ಹಾರಿ ಹೋಗಿ ಸಿಪ್ಪೆಯ ರಾಶಿಯಲ್ಲಿ ನೆಟ್ಟಿತು. ಪುಣ್ಯಕ್ಕೆ ಆ ಕಡೆ ಯಾರೂ ಇರಲಿಲ್ಲ. ದೊಡ್ಡಪ್ಪ ಆಗ ಹಾಕಿದ ಕಟ್ಟಳೆಯನ್ನು ನಾನು ಇವತ್ತಿಗೂ ಪಾಲಿಸುತ್ತೇನೆ: ರಾತ್ರಿ ಹೊತ್ತು ಒಬ್ಬ ಕಡಿಯುವಾಗ ಉಳಿದವರು ಅವನ ಹಿಂದೆ, ದೂರ, ಕಡಿಯುವವನು ಮಂಡಿಯೂರಿ ಕೂತು, ಅಲಗಿನ ಓಟ ತನ್ನ ಕಾಲಿನಿಂದ ಹೊರಗಿರುವಂತೆ ನೋಡಿಕೊಳ್ಳಬೇಕು.

ಆಮೇಲೆ ಪರಂಗ್ ಬಂತು. ಇದು ಸರಿಯಾದ ಸೌದೆಯ ಅಲಗು. ಬಾಯಿಯ ಎರಡೂ ಮಗ್ಗುಲು ಚಪ್ಪಟೆಯಾಗಿರದೆ ಸ್ವಲ್ಪ ಉಬ್ಬಿರುವುದರಿಂದ ಅದು ಮರದೊಳಗೆ ಸಿಕ್ಕಿಕೊಳ್ಳುವುದಿಲ್ಲ, ಚಕ್ಕೆಯನ್ನು ಒದ್ದು ಹೊರಗೆ ಹಾಕುತ್ತದೆ. ನೇರ ಅಡ್ಡಕ್ಕೆ ಹೊಡೆಯಬೇಡ, ಓರೆಯಾಗಿ ಈ ಕಡೆಗೊಂದು ಆ ಕಡೆಗೊಂದು ಹೊಡೆ ಎಂದು ಭಾವ ಹೇಳಿಕೊಟ್ಟರು. ನಾರಿನ ಅಡ್ಡಕ್ಕೆ ಕಡಿಯುವುದಕ್ಕಿಂತ ಓರೆಯಲ್ಲಿ ಕಡಿಯುವುದು ಯಾವ ಮರದಲ್ಲೂ ಸಲೀಸು. ಮಣಿಕಟ್ಟಿನ ದಪ್ಪದ ಕೊಂಬೆಗಳು ಚಕಚಕನೆ ತುಂಡಾದವು. ಒಲೆಯ ಉರಿ ಮತ್ತೆ ಎದ್ದಿತು. ದೊಡ್ಡಪ್ಪ ಮೊದಲ ಸಲ ನಿರಾಳವಾಗಿ ಎಲೆಯಡಿಕೆ ಹಾಕಿಕೊಂಡರು. ಆದರೆ ಮುಂದಕ್ಕೆ ತೂಗುವ ಅಲಗು ಕಡಿಯುವಾಗ ಎಷ್ಟು ನೆರವೋ, ಎತ್ತುವಾಗ ಅಷ್ಟೇ ಭಾರ. ಸ್ವಲ್ಪ ಹೊತ್ತಿಗೆ ತಮ್ಮನ ಮಣಿಕಟ್ಟು ಸೋತಿತು. ಹಿಡಿಯ ರಿವೆಟ್ಟಿನ ತಲೆ ತಾಗುತ್ತಿದ್ದ ಕಡೆ ಬೊಬ್ಬೆ ಎದ್ದಿತ್ತು.

ಈಗ ಕುಂಟೆಗಳ ಸರದಿ. ಭಾವ ಖುಕುರಿ ತೆಗೆದರು. ನೇಪಾಳದ ಕಮ್ಮಾರರು ಅದನ್ನು ಹೆಚ್ಚಾಗಿ ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿಯುತ್ತಾರೆ. ಕೆಂಪಗೆ ಕಾದ ಅಲಗನ್ನು ಪೂರ್ತಿ ಮುಳುಗಿಸದೆ, ಕೆಟಲಿನಿಂದ ಬಾಯಿಯ ಉದ್ದಕ್ಕೆ ಮಾತ್ರ ನೀರು ಸುರಿಯುತ್ತಾರೆ. ಹೀಗೆ ಮಾಡಿದರೆ ಬಾಯಿ ಗಡುಸು, ಬೆನ್ನು ಮೆದು. ಬೆನ್ನು ಮೆದುವಾದ್ದರಿಂದ ಅದಕ್ಕೆ ಹೊಡೆದರೂ ಮುರಿಯುವ ಭಯ ಕಡಿಮೆ. ಭಾವ ಕುಂಟೆಯನ್ನು ನಿಲ್ಲಿಸಿ, ತಲೆಯ ಮೇಲೆ ಖುಕುರಿಯ ಬಾಯಿ ಇಟ್ಟು, ಬೆನ್ನಿಗೆ ಮರದ ಕೊರಡಿನಿಂದ ಬಡಿದರು. ದಪ್ಪ ಬೆನ್ನು ಬೆಣೆಯ ಕೆಲಸ ಮಾಡಿತು; ನಾರು ನೆಟ್ಟಗಿದ್ದ ಮತ್ತಿಯ ಕುಂಟೆ ಪಟ್ಟನೆ ಎರಡಾಯಿತು. ತಮ್ಮ ಚಪ್ಪಾಳೆ ಹೊಡೆದ. ಜಂಬೆಯ ಕುಂಟೆಯಲ್ಲಿ ಆಟ ನಡೆಯಲಿಲ್ಲ. ಗಂಟು ಸಿಕ್ಕಲ್ಲಿ ಖುಕುರಿ ನಿಂತಿತು, ಹೊರಗೆ ತೆಗೆಯುವಷ್ಟರಲ್ಲಿ ಗಡುಸು ಬಾಯಿಯಿಂದ ಕಡಲೆಬೇಳೆಯಷ್ಟು ಚೂರು ಹಾರಿತ್ತು. ಮಚೆಟೆಯ ಮೆದು ಬಾಯಿ ಅದೇ ಜಂಬೆಗೆ ತಾಗಿ ಮಡಚಿಕೊಂಡಿತ್ತೇ ಹೊರತು ಚೂರಾಗಿರಲಿಲ್ಲ. ನಾಲ್ಕು ಸಲ ಅರ ಉಜ್ಜಿದ್ದಕ್ಕೆ ಸರಿಹೋಯಿತು. ಚೂರು ಹಾರಿದ ಬಾಯಿಗೆ ಸಾಣೆಯೇ ಬೇಕು, ಅಲ್ಲಿಗೆ ಬೇಕಾದಷ್ಟು ಅಲಗನ್ನೂ ಸವೆಸಬೇಕು. ಅಂಗಡಿಯಲ್ಲಿ ಗಡುಸು ಉಕ್ಕು, ಗಡುಸು ಉಕ್ಕು ಎಂದು ಮಾರುವವರು ಈ ಮಾತು ಹೇಳುವುದಿಲ್ಲ.

ಇಷ್ಟೆಲ್ಲ ನಡೆಯುವಾಗ ಕೊನೆಗೌಡರು ನಮ್ಮ ಜೊತೆ ಇರಲೇ ಇಲ್ಲ. ಟಾರ್ಚು ಹಿಡಿದು ಸೌದೆಯ ರಾಶಿ ಕೆದಕುತ್ತಿದ್ದರು. ಕೊನೆಗೆ ಒಂದು ನೀಳ ಗಳು ಎಳೆದು ತಂದರು. "ಹೆಗಡೇರೇ, ದಡಸಲು. ಇದನ್ನ ಒಲಿಗೆ ಹಾಕಿದ್ರೆ ಪಾಪ ಬತ್ತೈತಿ."

ದಡಸಲು ಬಾಗಿದರೂ ಸುಲಭಕ್ಕೆ ಮುರಿಯದ ಮರ. ಗಾಡಿಯ ಮೂಕಿಗೆ, ಉಪಕರಣಗಳ ಕಾವಿಗೆ ಹಿಂದಿನಿಂದಲೂ ಹೆಸರಾದದ್ದು. ಅದೃಷ್ಟಕ್ಕೆ ಅದು ಚೆನ್ನಾಗಿ ಒಣಗಿತ್ತು. ಹಸಿ ಮರದ ಕಾವು ಹಾಕಿದರೆ ಒಣಗುತ್ತ ಕುಗ್ಗಿ, ಒಂದು ದಿನ ಕೊಡಲಿಯ ತಲೆಯೇ ಹಾರುತ್ತದೆ. ಕೊಡಲಿಯೊಳಗೆ ಉಳಿದ ತುಂಡನ್ನು ತೆಗೆಯಲು ಅವರು ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಾಯಿಯ ಭಾಗವನ್ನು ಒದ್ದೆ ಮಣ್ಣಿನಲ್ಲಿ ಹೂತು, ಕಾವಿನ ತೂತಿನ ಸುತ್ತ ಮಾತ್ರ ಕೆಂಡ ಒಟ್ಟಿದರು. ಮರ ಸುಟ್ಟು ಸಡಿಲವಾಯಿತು, ಬಾಯಿಯ ಹದ ಕೆಡಲಿಲ್ಲ. ಇಡೀ ಕೊಡಲಿಯನ್ನು ಒಲೆಗೆ ಎಸೆದು ಹದ ಕಳೆದವರು ಊರಿಗೆ ಒಬ್ಬರಾದರೂ ಇರುತ್ತಾರೆ.

ಗಳುವನ್ನು ಅಳತೆಗೆ ತುಂಡು ಮಾಡಲು ತಮ್ಮನ ಪರಂಗ್ ಕೇಳಿ ಪಡೆದರು. ಕಡಿದಾದ ಮೇಲೆ ಅದರಲ್ಲೇ ಕೆತ್ತಲೂ ನೋಡಿದರು. ಒಂದೆರಡು ಚಕ್ಕೆ ತೆಗೆದು, ತಿರುಗಿಸಿ ಮುರುಗಿಸಿ, ವಾಪಸು ಕೊಟ್ಟರು.

"ಯಾಕೆ ಗೌಡ್ರೇ, ಹರಿತ ಇಲ್ವಾ?"

"ಹರಿತ ಚೊಲೊ ಐತಿ ತಮಾ. ಕೈಗೂ ಬಾಯಿಗೂ ದೂರ ಆತು."

ಅಷ್ಟೇ ಹೇಳಿದ್ದು. ನಾನು ಆಮೇಲೆ ಎಷ್ಟೋ ಕತ್ತಿಗಳನ್ನು ಹಿಡಿದು ನೋಡಿದ್ದೇನೆ, ಇದಕ್ಕಿಂತ ಸರಿಯಾದ ಅಳತೆಗೋಲು ನನಗೆ ಸಿಕ್ಕಿಲ್ಲ. ಪರಂಗ್‌ನ ಹರಿತವಾದ ಬಾಯಿ ಹಿಡಿಯಿಂದ ಮೂರು ಬೆರಳು ಆಚೆ ಶುರುವಾಗುತ್ತಿತ್ತು. ಅದರ ಬಲವಿದ್ದದ್ದು ಇನ್ನೂ ಆಚೆ, ಹೊಟ್ಟೆಯಲ್ಲಿ. ಖುಕುರಿಗೆ ಹಿಡಿಯ ಹತ್ತಿರ ಕಚ್ಚು ಇರುತ್ತದೆ, ಬಾಯಿ ಅದರ ಮುಂದೆ. ನೇಪಾಳದವರು ಸಣ್ಣ ಕೆಲಸಕ್ಕೆಂದೇ ಅದೇ ಒರೆಯಲ್ಲಿ ಕರ್ದಾ ಎಂಬ ಪುಟ್ಟ ಚಾಕು ಸಿಕ್ಕಿಸಿಡುತ್ತಾರೆ. ಮಚೆಟೆಯನ್ನು ಕೆತ್ತಲು ಹಿಡಿದರೆ ಒಂದು ಮೊಳ ಅಲಗು ಸುಮ್ಮನೆ ಗಾಳಿಯಲ್ಲಿ ಓಲಾಡುತ್ತದೆ. ಕಡಿಯುವಾಗ ಅಲಗು ಕೈಯಿಂದ ದೂರವಿದ್ದಷ್ಟೂ ಒಳ್ಳೆಯದು. ಕೆತ್ತುವಾಗ ಅದು ಬೆರಳ ಬುಡಕ್ಕೆ ಬರಬೇಕು. ದೊಡ್ಡ ಕತ್ತಿ ಮಾಡುವವರೆಲ್ಲ ಮೊದಲನೆಯದನ್ನು ಯೋಚಿಸುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಕೊನೆಗೌಡರ ಕತ್ತಿಯಲ್ಲಿ ಹರಿತ ಕಾವಿನ ಬಳೆಯ ಪಕ್ಕದಲ್ಲೇ ಶುರು. ಅವರು ಅಲಗಿನ ಬೆನ್ನ ಮೇಲೆ ಹೆಬ್ಬೆರಳಿಟ್ಟು, ಗಳುವಿನ ತುದಿಯನ್ನು ದಿಮ್ಮಿಗೆ ಒತ್ತಿ ಹಿಡಿದು, ಮೇಲಿನಿಂದ ಕೆಳಕ್ಕೆ ಸಿಪ್ಪೆ ತೆಗೆದಂತೆ ತೆಗೆಯುತ್ತ ಹೋದರು. ಮೊದಲು ದಪ್ಪ ಚಕ್ಕೆಗಳು, ಆಮೇಲೆ ಸುರುಳಿಗಳು. ನಡುವೆ ಒಮ್ಮೆ ನಿಲ್ಲಿಸಿ ಮಸೆಮರ ತರಿಸಿದರು. ಒಂದು ಹಲಗೆ, ಅದರ ಮೇಲೆ ಬೆಣಚುಕಲ್ಲಿನ ಪುಡಿ, ಒಂದಿಷ್ಟು ನೀರು, ಅಷ್ಟೇ ಅವರ ಸಾಣೆ. ನಾಲ್ಕು ಎಳೆತಕ್ಕೆ ಬಾಯಿ ಮತ್ತೆ ಮೊದಲಿನಂತಾಯಿತು. ಅಲಗಿನ ಬಾಗುಮೊನೆ ಕೆತ್ತುವ ಕೆಲಸಕ್ಕೆ ಬರಲಿಲ್ಲವೆನ್ನಿ, ಅದರ ಕೆಲಸವೇ ಬೇರೆ. ಬಳ್ಳಿಯನ್ನು, ಮುಳ್ಳಿನ ಕೊಂಬೆಯನ್ನು ಎಳೆದು ಹತ್ತಿರ ತರುವುದು, ಸೊಪ್ಪಿನ ಹೊರೆಯನ್ನು ಎಳೆಯುವುದು ಅದರಿಂದ. ಪೊದೆಯ ಬುಡ ಕಡಿಯುವಾಗ ನೆಲದ ಕಲ್ಲಿಗೆ ಮೊದಲು ತಾಗುವುದೂ ಅದೇ ಮೊನೆ, ಹಾಗಾಗಿ ಬಾಯಿ ಉಳಿಯುತ್ತದೆ. ತಮ್ಮನ ಎರಡೂ ಅಲಗುಗಳಿಗೆ ಇದು ಇರಲಿಲ್ಲ. ಹಗಲು ಚಪ್ಪರದ ದಾರಿಯ ಮುಳ್ಳುಕಂಟಿ ಸವರುವಾಗ ಅವನ ಎಡಗೈ ತುಂಬ ಗೀರು.

ಆ ಕತ್ತಿಯನ್ನು ಬಡಿದ ಆಚಾರಿಯ ಕುಲುಮೆಯನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೆ. ಬಡಿದ ಅಲಗನ್ನು ಕಾಯಿಸಿ ನೀರಿಗೆ ಅದ್ದಿದ ಮೇಲೆ ಅದು ಗಾಜಿನ ಹಾಗೆ ಒಡೆಯುವಷ್ಟು ಗಡುಸು. ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮತ್ತೆ ಮೆಲ್ಲಗೆ ಕಾಯಿಸುತ್ತಿದ್ದರು. ಉಕ್ಕಿನ ಮೇಲೆ ಬಣ್ಣ ಓಡುತ್ತಿತ್ತು. ಒಣಹುಲ್ಲಿನ ಬಣ್ಣ ಬಂದರೆ ಸುಮಾರು 230 ಡಿಗ್ರಿ, ಅಲ್ಲಿ ಬಾಯಿ ಇನ್ನೂ ಬಹಳ ಗಡುಸು. ನೇರಳೆ ದಾಟಿ ನೀಲಿಗೆ ಹೋದರೆ 300ರ ಹತ್ತಿರ, ಅಲ್ಲಿ ಅದು ಸಾಕಷ್ಟು ಮೆದು. ಎಲ್ಲಿ ನಿಲ್ಲಿಸಬೇಕು ಎಂಬುದು ಯಾರ ಕತ್ತಿ, ಯಾವ ಕೆಲಸ ಎಂಬುದರ ಮೇಲೆ. ಸೊಪ್ಪು ಕಡಿಯುವವನ ಕತ್ತಿಗೆ ಕೊಟ್ಟ ಹದವನ್ನು ಮರ ಕಡಿಯುವವನಿಗೆ ಕೊಡುತ್ತಿರಲಿಲ್ಲ. ಪೊಟ್ಟಣದಲ್ಲಿ ಬರುವ ಅಲಗಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ.

ಕಾವು ಸಿದ್ಧವಾಯಿತು. ಒಡೆದ ಬಾಟಲಿಯ ಚೂರಿನಿಂದ ಹೆರೆದು ನುಣುಪು ಮಾಡಿ, ತಲೆಗೆ ಹೊಗಿಸಿ, ಬೆಣೆ ಬಡಿದರು. ಅದೇ ಜಂಬೆಯ ಗಂಟಿಗೆ ಮೊದಲ ಏಟು ಹಾಕುವ ಹಕ್ಕನ್ನು ತಮ್ಮನಿಗೇ ಬಿಟ್ಟುಕೊಟ್ಟರು. ಮೂರನೆಯ ಏಟಿಗೆ ಕುಂಟೆ ಬಾಯಿಬಿಟ್ಟಿತು. ಆಮೇಲಿನ ಸೌದೆ ಬಹಳ ಹೊತ್ತು ಹಿಡಿಯಲಿಲ್ಲ. ಕೋಳಿ ಕೂಗುವ ಹೊತ್ತಿಗೆ ನೊರೆಬೆಲ್ಲ ಬಾಳೆಲೆಗೆ ಬಿತ್ತು. ಬಣ್ಣ ಸ್ವಲ್ಪ ಕಪ್ಪಾಗಿತ್ತು ಎಂದು ದೊಡ್ಡಪ್ಪ ಆ ವರ್ಷವಿಡೀ ಹೇಳುತ್ತಿದ್ದರು. ತಿಂದ ನಮಗೇನೂ ಗೊತ್ತಾಗಲಿಲ್ಲ.

ತಮ್ಮ ಮಚೆಟೆಯನ್ನು ಊರಲ್ಲೇ ಬಿಟ್ಟು ಹೋದ. ಕಬ್ಬು ಕಡಿಯುವಾಗ ಈಗಲೂ ಅದೇ ಹೊರಗೆ ಬರುತ್ತದೆ, ಹಿಡಿಗೆ ಕೊನೆಗೌಡರು ಹುರಿ ಸುತ್ತಿ ಕೊಟ್ಟಿದ್ದಾರೆ. ಪರಂಗ್ ಅವನ ಟೆಂಟಿನ ಜೊತೆಗಿದೆ, ಸೌದೆಗೆ ಅದು ಚೆನ್ನ. ಅದರ ಜೊತೆಗೆ ಒಂದು ಪುಟ್ಟ ಚಾಕನ್ನೂ ಇಟ್ಟುಕೊಳ್ಳುವುದನ್ನು ಅವನು ಕಲಿತಿದ್ದಾನೆ. ಎರಡನ್ನೂ ಹೊರುವ ಮನಸ್ಸಿಲ್ಲದೆ ಒಂದೇ ಅಲಗಿನಲ್ಲಿ ಬಿಡಾರದ ಕೆಲಸವೆಲ್ಲ ಆಗಬೇಕು ಎನ್ನುವವರಿಗೆ ನನ್ನ ಮತ ನಮ್ಮ ಕಡೆಯ ಕತ್ತಿಗೇ: ಒಂದಡಿಗಿಂತ ಕಡಿಮೆ ಅಲಗು, ಬಳೆಯಿಂದಲೇ ಶುರುವಾಗುವ ಬಾಯಿ, ನಿಮ್ಮ ಅಂಗೈಗೆ ಕೂರುವ ಮರದ ಕಾವು. ಶಿರಸಿ, ಸಿದ್ದಾಪುರ, ಸಾಗರದ ಕಡೆ ಕುಲುಮೆಗಳು ಕಡಿಮೆಯಾಗಿವೆ, ಇಲ್ಲವಾಗಿಲ್ಲ. ಅಲ್ಲಿಗೆ ಹೋದಾಗ ಎಷ್ಟು ಇಂಚು ಬೇಕೆಂದು ಹೇಳುವುದಕ್ಕಿಂತ ಏನು ಕಡಿಯುತ್ತೀರಿ ಎಂದು ಹೇಳಿ, ಉಳಿದದ್ದನ್ನು ಆಚಾರಿಗೆ ಬಿಡಿ. ಬಸ್ಸಿನಲ್ಲಿ ತರುವಾಗ ಅಡಿಕೆ ಹಾಳೆ ಸುತ್ತಿ ಕಟ್ಟಿ. ತೋಳಿಗಿಂತ ದಪ್ಪದ ಮರ ಎದುರಾದರೆ ಮಾತ್ರ ಯಾವ ಕತ್ತಿಯನ್ನೂ ನಂಬಬೇಡಿ, ಅದು ಕೊಡಲಿಯ ಕೆಲಸ.